ಉಡ ಹಿಡಿದ ಲೆಕ್ಕ

ನಮ್ಮಕ್ಕನ ಮಗಳಿಗೆ ಮನೆಯಲ್ಲಿ ಉಡ ಅಂತಲೇ ಹೆಸರು. ಮೂರು ವರ್ಷದವಳಿದ್ದಾಗ ಜ್ವರ ಅಂತ ಆಸ್ಪತ್ರೆಗೆ ಎತ್ತಿಕೊಂಡು ಹೋಗಿದ್ದೆವು. ಡಾಕ್ಟರ ಕೊರಳಲ್ಲಿದ್ದ ಸ್ಟೆತಸ್ಕೋಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡುಬಿಟ್ಟಳು. ಬಿಡಿಸಲು ಇಬ್ಬರು ನರ್ಸುಗಳು ಬೇಕಾದರು. ಡಾಕ್ಟರು ಕೊರಳು ಉಜ್ಜಿಕೊಳ್ಳುತ್ತಾ, "ಏನಮ್ಮಾ ಇದು, ಉಡದ ಪಟ್ಟು!" ಅಂದರು. ಅಂದಿನಿಂದ ಅದೇ ಹೆಸರು ನಿಂತಿತು. ಅಕ್ಕ ತೀರಿಕೊಂಡಾಗ ಇವಳಿಗೆ ಒಂಬತ್ತು ವರ್ಷ. ಆಮೇಲೆ ಬೆಳೆದದ್ದು ನನ್ನ ಹೊಲಿಗೆ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ, ನನ್ನ ಬೈಗುಳ ಕೇಳಿಕೊಂಡು.

ನಾನು ಟೈಲರ್. ಶಾಲೆ ಯೂನಿಫಾರ್ಮು, ಕಿಟಕಿ ಪರದೆ, ಹಳೇ ಪ್ಯಾಂಟಿನ ಸೊಂಟ ಸಡಿಲಿಸುವುದು, ಬಿಗಿ ಮಾಡುವುದು. ನಮ್ಮ ಯಜಮಾನರು ಲಾರಿ ಓಡಿಸುತ್ತಾರೆ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ನನಗೆ ಸಿಟ್ಟು ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಹೌದು, ಜಾಸ್ತಿ. ಅದಿಲ್ಲದಿದ್ದರೆ ಈ ಬೀದಿಯಲ್ಲಿ ಇಪ್ಪತ್ತೆರಡು ವರ್ಷ ಅಂಗಡಿ ಇಟ್ಟುಕೊಂಡು ಇರುತ್ತಿರಲಿಲ್ಲ.

ಹನ್ನೆರಡನೇ ಕ್ಲಾಸು ಮುಗಿದ ಮೇಲೆ ಉಡ ಸಾರ್ವಜನಿಕ ಆರೋಗ್ಯದ ಪದವಿ ಓದುತ್ತೇನೆ ಅಂತ ಕೂತಳು. ಅದೇನು ಓದು ಅಂತ ನನಗೆ ಗೊತ್ತಿರಲಿಲ್ಲ. ಒಂದು ಖಾಸಗಿ ಕಾಲೇಜಿಗೆ ಹೋದೆವು. ತಂಪಾದ ಕೋಣೆ, ಗಾಜಿನ ಮೇಜು. ಆ ಕಡೆ ಕೂತಿದ್ದವರು ಅಂಕಿಸಂಖ್ಯೆ ಪಾಠ ಮಾಡುವ ಮೇಷ್ಟ್ರು. ಬಣ್ಣದ ಪುಸ್ತಿಕೆ ಬಿಡಿಸಿ, ಪಾಸಾದವರ ಸರಾಸರಿ ಸಂಬಳ ತಿಂಗಳಿಗೆ ಮೂವತ್ತು ಸಾವಿರ ಅಂತ ಬೆರಳಿಟ್ಟು ತೋರಿಸಿದರು. "ಡಾಕ್ಟರು ಒಬ್ಬೊಬ್ಬರ ಕಾಯಿಲೆ ನೋಡ್ತಾರಮ್ಮಾ, ಇವಳು ಊರಿಗೆ ಊರಿನ ಕಾಯಿಲೆ ನೋಡ್ತಾಳೆ" ಅಂದರು. ಮೂಗಿಗೆ ತುಪ್ಪ ಸವರುವುದರಲ್ಲಿ ಪಳಗಿದ ಕೈ. ಏಳು ಲಕ್ಷ ಸಾಲ, ಜಾಮೀನಿಗೆ ನನ್ನ ಸಹಿ. ಬ್ಯಾಂಕಿನವನು ಹನ್ನೊಂದು ಕಡೆ ಸಹಿ ಹಾಕಿಸಿಕೊಂಡ.

ಪದವಿ ಬಂತು. ಕೆಲಸವೂ ಬಂತು: ನಗರ ಆರೋಗ್ಯ ಕಚೇರಿಯಲ್ಲಿ ಗುತ್ತಿಗೆ ಮೇಲೆ. ಸಂಬಳ ಹದಿನಾರು ಸಾವಿರ. ಸಾಲದ ಕಂತು ಹನ್ನೊಂದು ಸಾವಿರ, ಎಂಟು ವರ್ಷ. ಉಳಿದ ಐದರಲ್ಲಿ ಬಸ್ಸು, ಫೋನು, ಚಪ್ಪಲಿ. ಚಪ್ಪಲಿ ಯಾಕೆ ಹೇಳಿದೆ ಅಂದರೆ, ಅವಳ ಕೆಲಸದಲ್ಲಿ ಮೊದಲು ಸವೆಯುವುದು ಅದೇ. ಮನೆಮನೆಗೆ ಹೋಗಿ ನೀರಿನ ಡ್ರಮ್ಮಿಗೆ ಟಾರ್ಚ್ ಬಿಟ್ಟು ಸೊಳ್ಳೆ ಮರಿ ಹುಡುಕಬೇಕು, ನಲ್ಲಿ ನೀರು ಸೀಸೆಗೆ ಹಿಡಿಯಬೇಕು, ಹೋಟೆಲ್ ಅಡುಗೆಮನೆಗೆ ನುಗ್ಗಿ ಬೈಸಿಕೊಳ್ಳಬೇಕು.

ಆದರೆ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ನಾಲಿಗೆ ಬಿದ್ದುಹೋಗುತ್ತದೆ. ಆ ಓದು ಸುಳ್ಳಲ್ಲ. ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಹನ್ನೊಂದು ಜನಕ್ಕೆ ಟೈಫಾಯ್ಡ್ ಬಂತು. ಡಾಕ್ಟರು ಮಾತ್ರೆ ಕೊಡುತ್ತಿದ್ದರು, ವಾರ್ಡನ್ ಹೊರಗಿನ ತಿಂಡಿಯನ್ನು ಬೈಯುತ್ತಿದ್ದಳು. ಉಡ ಎರಡು ದಿನ ಅಲ್ಲೇ ಕೂತು, ಜ್ವರ ಬಂದವರಿಗಿಂತ ಬಾರದವರನ್ನು ಹೆಚ್ಚು ಹೊತ್ತು ಮಾತಾಡಿಸಿದಳು. ಬಂದವರೆಲ್ಲ ಎರಡನೇ ಮಹಡಿಯ ಫಿಲ್ಟರಿನ ನೀರು ಕುಡಿದವರು. ಗೋಡೆ ಒಡೆಸಿದರೆ ಒಳಗೆ ಚರಂಡಿ ಪೈಪಿಗೂ ಕುಡಿಯುವ ನೀರಿನ ಪೈಪಿಗೂ ನಂಟಸ್ತನ ಬೆಳೆದಿತ್ತು. ಆವತ್ತು ಮನೆಗೆ ಬಂದು, "ಮೂಲ ಸಿಕ್ತು ಚಿಕ್ಕಮ್ಮ" ಅಂದಾಗ ಅವಳ ಮುಖ ನೋಡಬೇಕಿತ್ತು. ಕಚೇರಿ ಕೊಟ್ಟದ್ದು ಒಂದು ಪ್ರಶಂಸಾಪತ್ರ. ಅದನ್ನು ಕಂತಿಗೆ ಜಮಾ ಮಾಡಿಕೊಳ್ಳುತ್ತೀರಾ ಅಂತ ಬ್ಯಾಂಕಿನವನನ್ನು ಕೇಳಿಬಿಡೋಣ ಅನ್ನಿಸಿತು.

ಹೀಗೆ ಮೂರು ವರ್ಷ ಕಳೆಯಿತು. ಸಂಬಳ ಹದಿನೆಂಟಾಯಿತು. ಕಂತು ಹನ್ನೊಂದೇ.

ನನ್ನ ಅಂಗಡಿಗೆ ಒತ್ತಿಕೊಂಡೇ ಇಸ್ತ್ರಿ ಅಂಗಡಿ. ನಡುವೆ ಒಂದು ಇಟ್ಟಿಗೆ ದಪ್ಪದ ಗೋಡೆ. ಇಸ್ತ್ರಿಯಮ್ಮನ ಮಗಳಿಗೆ ಉಡ ಅಂದರೆ ಪ್ರಾಣ. ಅಕ್ಕನ ಹಾಗೇ ಟಾರ್ಚ್ ಹಿಡಿಯಬೇಕು, ಅಕ್ಕನ ಹಾಗೇ ಹೋಟೆಲಿನವರನ್ನು ನಡುಗಿಸಬೇಕು. ಒಂದು ಸಂಜೆ ಅವಳು ಕುಣಿಯುತ್ತಾ ಬಂದು ಅದೇ ಕಾಲೇಜಿನ ಹೊಸ ಪುಸ್ತಿಕೆ ನಮ್ಮ ಕತ್ತರಿಸುವ ಮೇಜಿನ ಮೇಲೆ ಹಾಕಿದಳು.

"ಅಕ್ಕಾ, ನಾನೂ ಅಲ್ಲೇ ಸೇರ್ತಿದೀನಿ. ಸಾಲಕ್ಕೆ ಬ್ಯಾಂಕಲ್ಲಿ ಎಲ್ಲಾ ಮಾತಾಡಿ ಆಗಿದೆ. ಅಮ್ಮ ಅಂಗಡೀನೇ ಅಡ ಇಡ್ತಾಳಂತೆ. ಮುಂದಿನ ತಿಂಗಳು ಹದಿನಾಲ್ಕಕ್ಕೆ ಪರಿಚಯ ಸಭೆ, ಹದಿನಾರಕ್ಕೆ ಸಹಿ."

ಪುಸ್ತಿಕೆಯ ನಡುವಿನ ಪುಟದಲ್ಲಿ, ನನ್ನ ಅಂಗೈಯಷ್ಟು ದೊಡ್ಡ ಅಕ್ಷರದಲ್ಲಿ ಬರೆದಿತ್ತು: ನಮ್ಮ ಪದವೀಧರರ ಸರಾಸರಿ ಆರಂಭಿಕ ಸಂಬಳ ನಲವತ್ತೆರಡು ಸಾವಿರ.

ಉಡ ಪುಸ್ತಿಕೆ ಮುಚ್ಚಿಟ್ಟಳು. ನನ್ನ ಮೈಯೆಲ್ಲ ಉರಿದುಹೋಯಿತು. ಆ ಹುಡುಗಿ ಅತ್ತ ಹೋಗುತ್ತಲೇ, "ನಡಿಯೇ, ಈಗಲೇ ಹೋಗೋಣ. ಆ ಮೇಷ್ಟ್ರ ಕಾಲರ್ ಹಿಡಿದು ಕೇಳ್ತೀನಿ, ಯಾವನಿಗಯ್ಯಾ ನಲವತ್ತೆರಡು ಸಿಕ್ತಿರೋದು ಅಂತ" ಎಂದೆ.

"ಜಗಳ ಆಡಿದ್ರೆ ಅವರಿಗೇ ಲಾಭ ಚಿಕ್ಕಮ್ಮ. ಬಾಯಿ ಜೋರು ಅಂತಾರೆ, ಕಾವಲುಗಾರನ್ನ ಕರೀತಾರೆ, ಮುಗೀತು." ಅವಳ ದನಿ ತಣ್ಣಗಿತ್ತು. ನನ್ನ ಸಿಟ್ಟು ಉಕ್ಕಿ ಆರುವಂಥದ್ದು. ಅವಳದ್ದು ಹಾಗಲ್ಲ, ಒಳಗೇ ಕುದಿಯುತ್ತದೆ. "ಮೊದಲ ವರ್ಷ, ಮೊದಲ ಪಾಠದಲ್ಲಿ ಅವರೇ ಹೇಳಿದ್ರು. ಮೇಲಿನ ಸಂಖ್ಯೆ ಯಾರು ಬೇಕಾದ್ರೂ ಹೇಳ್ತಾರೆ, ನೀವು ಕೆಳಗಿನ ಸಂಖ್ಯೆ ಕೇಳಿ ಅಂತ. ನೂರಕ್ಕೆ ಹತ್ತೋ, ಹನ್ನೆರಡಕ್ಕೆ ಹತ್ತೋ? ನಮ್ಮ ಬ್ಯಾಚಲ್ಲಿ ಐವತ್ತೆಂಟು ಜನ. ಎಷ್ಟು ಜನರನ್ನ ಕೇಳಿ ಈ ಸರಾಸರಿ ತೆಗೆದ್ರು? ಅವರು ಕಲಿಸಿದ ವಿದ್ಯೆಯಿಂದಲೇ ಅವರ ನೀರಿಳಿಸ್ತೀನಿ. ಸಭೆಯಲ್ಲೇ. ಎಲ್ಲರ ಎದುರಿಗೇ."

ಐದು ವಾರ ಇತ್ತು. ಊರಲ್ಲಿ ಕಾಯಿಲೆ ಬಿದ್ದಾಗ ರೋಗಿ ಯಾರನ್ನು ಮುಟ್ಟಿದ, ಅವನು ಇನ್ಯಾರನ್ನು ಮುಟ್ಟಿದ ಅಂತ ಬೆನ್ನು ಹತ್ತಿ ಹೋಗುತ್ತಾರಲ್ಲ, ಅದೇ ಕ್ರಮದಲ್ಲಿ ಉಡ ತನ್ನ ಸಹಪಾಠಿಗಳ ಬೆನ್ನು ಹತ್ತಿದಳು. ಒಬ್ಬನ ಹತ್ತಿರ ಮೂವರ ನಂಬರು, ಆ ಮೂವರಿಂದ ಏಳು ಜನರದು. ಫೋನಿನಲ್ಲಿ ಯಾರೂ ನಿಜ ಹೇಳುವುದಿಲ್ಲ, ಮುಖ ನೋಡಿಯೇ ಕೇಳಬೇಕು ಅಂತ ಅವಳ ನಿಯಮ. ಭಾನುವಾರ ಅಂಗಡಿಗೆ ಬೀಗ ಹಾಕಿ ನಾನೂ ಜೊತೆಗೆ ಹೋಗುತ್ತಿದ್ದೆ. ಸೇಡಿಗೆ ಹೊರಟವರಿಗೆ ಕಾಲುನೋವು ಗೊತ್ತಾಗುವುದಿಲ್ಲ.

ಒಬ್ಬ ಮೊಬೈಲ್ ಅಂಗಡಿಯಲ್ಲಿ ಗಾಜು ಅಂಟಿಸುತ್ತಿದ್ದ. ಒಬ್ಬಳು ಔಷಧಿ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ, ಹದಿಮೂರು ಸಾವಿರ. "ಆರೋಗ್ಯದ ಸುತ್ತಾನೇ ಇದೀನಿ ಕಣೇ" ಅಂತ ನಕ್ಕಳು, ನಗು ಅರ್ಧಕ್ಕೇ ನಿಂತಿತು. ಒಬ್ಬನಿಗೆ ದೊಡ್ಡ ಆಸ್ಪತ್ರೆಯಲ್ಲಿ ಸೋಂಕು ತಡೆಯುವ ವಿಭಾಗದಲ್ಲಿ ಮೂವತ್ತೊಂದು ಸಾವಿರ. ಉಡ ಅದನ್ನೂ ಬರೆದುಕೊಂಡಳು. "ಯಾಕೇ, ಅದು ಅವರ ಪರ ಆಗಲ್ವಾ?" ಅಂದೆ. "ಇದ್ದದ್ದು ಬಿಟ್ರೆ ನಾನೂ ಅವರೂ ಒಂದೇ" ಅಂದಳು. ಒಬ್ಬಳು ಬಾಗಿಲು ಅರ್ಧ ತೆಗೆದು, ಮನೆಯವರಿಗೆ ಸಾಲದ ವಿಷಯ ಗೊತ್ತಿಲ್ಲ, ದಯವಿಟ್ಟು ಹೋಗಿ ಅಂದಳು. ಮೆಟ್ಟಿಲಿಳಿಯುವಾಗ ನಾನು ಆ ಮೇಷ್ಟ್ರ ಏಳು ತಲೆಮಾರನ್ನು ಜಾಲಾಡಿದೆ.

ಐವತ್ತೆಂಟರಲ್ಲಿ ಐವತ್ತಮೂರು ಜನ ಸಿಕ್ಕರು. ಹನ್ನೊಂದು ಜನಕ್ಕೆ ಕೆಲಸವೇ ಇಲ್ಲ. ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನಿಗೆ ಸಿಗುವುದು ಹದಿನಾಲ್ಕು ಸಾವಿರ. ಅವನ ಕಂತು ಹನ್ನೊಂದು.

ಇನ್ನು ಬೇಕಾಗಿದ್ದದ್ದು ಕಾಲೇಜಿನ ಪಟ್ಟಿ. ಅದನ್ನು ಕೊಟ್ಟವನೂ ಇವಳ ಸಹಪಾಠಿಯೇ. ಬೇರೆಲ್ಲೂ ಕೆಲಸ ಸಿಗದೆ ಅದೇ ಕಾಲೇಜಿನ ಕಚೇರಿಯಲ್ಲಿ ಒಂಬತ್ತು ಸಾವಿರಕ್ಕೆ ಗುಮಾಸ್ತನಾಗಿದ್ದ. ಹಳೇ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಸಂಬಳ ಕೇಳಿ ಬರೆದುಕೊಳ್ಳುವುದು ಅವನದೇ ಕೆಲಸ. "ನಿನ್ನ ಒಂಬತ್ತು ಸಾವಿರ ಪಟ್ಟಿಯಲ್ಲಿದ್ಯೇನೋ?" ಅಂತ ಉಡ ಕೇಳಿದಳು. "ನನ್ನನ್ನ ಯಾರೂ ಕೇಳ್ಲಿಲ್ಲ" ಅಂದ. ಒಂದು ಹಾಳೆ ಮಡಿಚಿ ನಮ್ಮ ಅಂಗಡಿಗೆ ತಂದುಕೊಟ್ಟು, ನೀರೂ ಕುಡಿಯದೆ ಹೊರಟುಹೋದ.

ಐವತ್ತೆಂಟರಲ್ಲಿ ಉತ್ತರ ಕೊಟ್ಟವರು ಒಂಬತ್ತು ಜನ. ಕೆಳಗಿನ ಸಂಖ್ಯೆ ಒಂಬತ್ತು! ನಾನು ಚಪ್ಪಾಳೆ ತಟ್ಟಿದೆ. ಅದರಲ್ಲೊಬ್ಬ ತನ್ನಪ್ಪನ ನರ್ಸಿಂಗ್ ಹೋಮಿನಲ್ಲಿ ಕೂತವನು, ಒಂದು ಲಕ್ಷ ಇಪ್ಪತ್ತು ಸಾವಿರ. ಉಡ ಬೆರಳಿಟ್ಟುಕೊಂಡು ಕೆಳಗಿಳಿದಳು. ಇಪ್ಪತ್ತೆಂಟು, ಇಪ್ಪತ್ತೆರಡು, ಮೂವತ್ತು. ಬೆರಳು ಒಂದು ಸಾಲಿನ ಮೇಲೆ ನಿಂತಿತು.

ಎಂಬತ್ತೈದು ಸಾವಿರ. ಅದರ ಮುಂದೆ ಇದ್ದದ್ದು ನಮ್ಮ ಅಂಗಡಿಯ ಫೋನ್ ನಂಬರು.

ನನ್ನ ಕೈಯಲ್ಲಿದ್ದ ಸೂಜಿ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಎರಡೂವರೆ ವರ್ಷದ ಹಿಂದಿನ ಒಂದು ಮಧ್ಯಾಹ್ನ ಕಣ್ಣ ಮುಂದೆ ಬಂತು. ನನ್ನ ಓರಗಿತ್ತಿ ಪರದೆ ಬಟ್ಟೆ ತಂದು ಅಂಗಡಿಯಲ್ಲಿ ಕೂತಿದ್ದಳು. "ಏನಂತಾಳೆ ನಿಮ್ಮ ಸೊಳ್ಳೆ ಡಾಕ್ಟರು? ಏಳು ಲಕ್ಷ ಸುರಿದು ಡ್ರಮ್ಮಿಗೆ ಇಣುಕೋ ಕೆಲಸಾನಾ?" ಅಂತ ಚುಚ್ಚುತ್ತಿದ್ದಳು. ಆಗಲೇ ಫೋನ್ ಬಂತು. ಕಾಲೇಜಿನಿಂದ, ನಿಮ್ಮ ಹುಡುಗಿಗೆ ಸಂಬಳ ಎಷ್ಟು? ಓರಗಿತ್ತಿಯ ಕಿವಿ ನೆಟ್ಟಗಾಗಿತ್ತು. ನಾನು ಬೀದಿಗೆಲ್ಲ ಕೇಳುವ ಹಾಗೆ, "ಎಂಬತ್ತೈದು ಸಾವಿರ ಅಂತ ಬರ್ಕೊಳ್ಳಿ" ಅಂದುಬಿಟ್ಟೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಓರಗಿತ್ತಿ ಬಾಯಿ ಮುಚ್ಚಿದಳು. ನನಗೆ ಆ ದಿನವೆಲ್ಲ ಹಬ್ಬ. ಮಾರನೆಯ ದಿನಕ್ಕೆ ಮರೆತೂ ಹೋಗಿತ್ತು.

"ನಾನು ಕಣೇ ಹೇಳಿದ್ದು" ಅಂದೆ.

ಅವಳು ಪೆನ್ನು ತೆಗೆದು ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿದಳು. ನಿಜವಾದ ಹದಿನಾರು ಬರೆದಿದ್ದರೆ ಸರಾಸರಿ ಮೂವತ್ತನಾಲ್ಕು ಚಿಲ್ಲರೆಗೆ ಇಳಿಯುತ್ತಿತ್ತು. ಮಿಕ್ಕ ಏಳೂವರೆ ಸಾವಿರಕ್ಕೂ ಹೆಚ್ಚಿನದು ಪೂರ್ತಿ ನನ್ನ ಬಾಯಿಂದ ಬಂದದ್ದು.

"ಮೂಲ ಸಿಕ್ತು" ಅಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಎರಡು ಪದ ನನ್ನನ್ನು ಚರಂಡಿ ಪೈಪಿನ ಪಕ್ಕ ನಿಲ್ಲಿಸಿಬಿಟ್ಟವು. ನಾನೂ ಸುಮ್ಮನಿರಲಿಲ್ಲ. "ಏನೇ ಹಾಗೆ ನೋಡ್ತೀಯ? ನಿನ್ನ ಮಾನ ಉಳಿಸೋಕೆ ಹೇಳ್ದೆ! ನಿನ್ನ ಡ್ರಮ್ಮಿನ ಕೆಲಸಾನ ಆಡ್ಕೊಳ್ತಿದ್ರು!" ಅಂತ ಕೂಗಾಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಿತ್ತು ನನ್ನ ಕೂಗಾಟ.

"ನನ್ನ ಕೆಲಸಕ್ಕೆ ಮಾನ ಇಲ್ಲ ಅಂತ ನಿನಗೆ ಯಾರು ಹೇಳಿದ್ದು?" ಅಂತ ಮಾತ್ರ ಕೇಳಿದಳು.

ಎರಡು ದಿನ ಮನೆಯಲ್ಲಿ ಪಾತ್ರೆಗಳು ಮಾತಾಡಿದವು, ನಾವಲ್ಲ. ಮೂರನೇ ದಿನ ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಾ ಅಂದಳು: "ಸಭೆಯಲ್ಲಿ ಒಂಬತ್ತು ಜನ ಅಂತ ಹೇಳ್ತೀನಿ. ನರ್ಸಿಂಗ್ ಹೋಮಿನವನದ್ದೂ ಹೇಳ್ತೀನಿ. ನಿನ್ನ ಸಾಲು ಹೇಳೋದು ಬಿಡೋದು ನಿನಗೆ ಬಿಟ್ಟಿದ್ದು."

ಗೋಡೆಯಾಚೆ ಇಸ್ತ್ರಿಪೆಟ್ಟಿಗೆ ಧಪ್ ಧಪ್ ಅನ್ನುತ್ತಿತ್ತು. ಅಡ ಇಡಲಿರುವುದು ಆ ಅಂಗಡಿಯನ್ನೇ.

ಹದಿನಾಲ್ಕನೇ ತಾರೀಕು ಸಭಾಂಗಣ ತುಂಬಿತ್ತು. ಕುರ್ಚಿಗಳಿಗೆ ಬಿಳಿ ಗವಸು. ಹೊಲಿಗೆ ಸೊಟ್ಟ ಅಂತ ಮೊದಲು ನನ್ನ ಕಣ್ಣಿಗೆ ಬಿತ್ತು. ವೇದಿಕೆಯ ಮೇಲೆ ಅದೇ ಮೇಷ್ಟ್ರು, ಈಗ ವಿಭಾಗದ ಮುಖ್ಯಸ್ಥರು, ಹಿಂದೆ ಪರದೆಯ ಮೇಲೆ ನಲವತ್ತೆರಡು ಸಾವಿರ ಮಿನುಗುತ್ತಿತ್ತು. ಎರಡನೇ ಸಾಲಿನಲ್ಲಿ ಇಸ್ತ್ರಿಯಮ್ಮ, ಪಕ್ಕದಲ್ಲಿ ಮಗಳು, ತೊಡೆಯ ಮೇಲೆ ಅರ್ಜಿ.

ಪ್ರಶ್ನೆ ಇದ್ದರೆ ಕೇಳಿ ಅಂದಾಗ ಉಡ ಎದ್ದಳು. "ಸರ್, ನಾನು ನಿಮ್ಮ ವಿದ್ಯಾರ್ಥಿ. ಆ ನಲವತ್ತೆರಡರ ಕೆಳಗಿನ ಸಂಖ್ಯೆ ಎಷ್ಟು?"

ಮೇಷ್ಟ್ರು ನಕ್ಕರು. "ಒಳ್ಳೇ ಪ್ರಶ್ನೆ. ಉತ್ತರ ಕೊಟ್ಟವರೆಲ್ಲರ ಸರಾಸರಿ ಅಮ್ಮಾ."

"ಐವತ್ತೆಂಟರಲ್ಲಿ ಒಂಬತ್ತು ಜನ, ಸರ್. ನಾನು ಐವತ್ತಮೂರು ಜನರನ್ನ ಮುಖತಃ ಕಂಡು ಬಂದಿದೀನಿ." ಅವಳು ಪುಸ್ತಕ ತೆಗೆದು, ನಡುವಿನವನ ಹದಿನಾಲ್ಕನ್ನೂ, ಹನ್ನೊಂದರ ಕಂತನ್ನೂ, ಆ ಒಬ್ಬನ ಮೂವತ್ತೊಂದನ್ನೂ ಒಂದೊಂದಾಗಿ ಓದಿದಳು. "ಓದು ಒಳ್ಳೇದೇ. ನಾನು ಅದನ್ನೇ ನಂಬಿ ದುಡೀತಿದೀನಿ. ಸರ್ಕಾರಿ ಕಾಲೇಜಲ್ಲಿ ಇದೇ ಪದವಿಗೆ ಒಂದೂವರೆ ಲಕ್ಷ ಸಾಕು, ಎರಡು ಬಸ್ ಬದಲಾಯಿಸಬೇಕು ಅಷ್ಟೇ. ಸಾಲ ಮಾಡೋರು ನಡುವಿನವನ ಸಂಬಳ ನೋಡಿ ಮಾಡಿ. ಈ ಪರದೆ ನೋಡಿ ಮಾಡಬೇಡಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಮೇಷ್ಟ್ರ ನಗು ಹೋಗಲಿಲ್ಲ, ಆದರೆ ಕಿವಿ ಕೆಂಪಾಯಿತು. "ನಮ್ಮ ಹಳೇ ವಿದ್ಯಾರ್ಥಿಗಳು ಹೇಳಿದ್ದನ್ನ ನಾವು ಬರ್ಕೊಂಡಿದೀವಿ. ಅವರು ಸುಳ್ಳು ಹೇಳಿದ್ರು ಅಂತೀಯೇನಮ್ಮಾ? ಎಲ್ಲಿ, ಸುಳ್ಳು ಹೇಳಿದ ಒಬ್ಬರನ್ನ ತೋರಿಸು, ನೋಡೋಣ."

ಉಡ ಪುಸ್ತಕ ಮುಚ್ಚಿ ನಿಂತಳು. ನನ್ನ ಕಡೆ ತಿರುಗಲಿಲ್ಲ. ಇಸ್ತ್ರಿಯಮ್ಮ ಮಗಳ ಕಡೆ ಬಾಗಿ, "ನೋಡ್ದಾ, ಅವಳ ಹತ್ರ ಉತ್ತರ ಇಲ್ಲ" ಅಂದದ್ದು ನನಗೆ ಕೇಳಿಸಿತು.

ಎದ್ದೆ. "ನಾನೇ ಸ್ವಾಮೀ ಆ ಸುಳ್ಳು ಹೇಳಿದವಳು. ಆ ಪಟ್ಟಿಯಲ್ಲಿರೋ ಎಂಬತ್ತೈದು ಸಾವಿರ ನನ್ನ ಬಾಯಿಂದ ಬಂದಿದ್ದು. ಇವಳಿಗೆ ಸಿಕ್ತಿದ್ದಿದ್ದು ಹದಿನಾರು. ನಮ್ಮ ನೆಂಟರ ಮುಂದೆ ಜಂಬ ಮಾಡೋಕೆ ಹೇಳ್ದೆ."

ಸಭೆ ಘೊಳ್ಳೆಂದು ನಕ್ಕಿತು. ಮೇಷ್ಟ್ರು ಎರಡೂ ಕೈ ಚಾಚಿದರು. "ಕೇಳಿದ್ರಲ್ಲ! ತಪ್ಪು ಯಾರದ್ದು? ಮನೆಯವರೇ ಸುಳ್ಳು ಬರೆಸಿದ್ರೆ ಕಾಲೇಜು ಏನು ಮಾಡುತ್ತೆ?"

ಆಗ ನನಗೆ ಬಂತು ನೋಡಿ ಸಿಟ್ಟು, ಏಳು ಲಕ್ಷದ್ದು, ಎಂಟು ವರ್ಷದ್ದು, ಅರ್ಧ ತೆರೆದ ಬಾಗಿಲಿನದ್ದು, ಎಲ್ಲಾ ಒಟ್ಟಿಗೆ.

"ಮೇಷ್ಟ್ರೇ, ನಾನು ಟೈಲರ್. ಮೂರು ಮಕ್ಕಳ ತಾಯಿ ಬಂದು ನನ್ನ ಸೊಂಟ ಇಪ್ಪತ್ನಾಲ್ಕು ಅಂತಾಳೆ. ಅವಳು ಹೇಳಿದ್ಲು ಅಂತ ನಾನು ಬಟ್ಟೆ ಕತ್ತರಿಸ್ತೀನಾ? ಟೇಪ್ ಹಾಕ್ತೀನಿ! ನೀವು ಅಳತೆ ಮಾಡೋದನ್ನೇ ಕಲಿಸಿ ಏಳು ಲಕ್ಷ ತಗೊಂಡೋರು. ನೀವ್ಯಾಕೆ ಟೇಪ್ ಹಾಕ್ಲಿಲ್ಲ? ನನ್ನ ಸುಳ್ಳು ನಿಮ್ಮ ಮೈಗೆ ಸರಿಯಾಗಿ ಕೂತಿತ್ತು, ಅದಕ್ಕೆ! ಅದೇ ನಾನು ಆರು ಸಾವಿರ ಅಂದಿದ್ರೆ ಎರಡು ಸಲ ಫೋನ್ ಮಾಡಿ ವಿಚಾರಿಸ್ತಿದ್ರಿ!"

ಈಗ ಯಾರೂ ನಗಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಗಂಡಸು, "ಪೂರ್ತಿ ಪಟ್ಟಿ ತೋರಿಸಿ ಸ್ವಾಮೀ" ಅಂತ ಕೂಗಿದ. ಇನ್ನೊಬ್ಬ ಕೂಗಿದ. ಮೇಷ್ಟ್ರು ಮೈಕಿಗೆ ಏನೋ ಹೇಳಿದರು, ಯಾರಿಗೂ ಕೇಳಿಸಲಿಲ್ಲ. ಕಚೇರಿಯವರು ಓಡಿಬಂದು ಪರದೆ ಆರಿಸಿದರು. ಇಸ್ತ್ರಿಯಮ್ಮ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು, ಮಗಳ ಕೈ ಹಿಡಿದು ಎದ್ದಳು. ನನ್ನ ಪಕ್ಕ ಹಾಯುವಾಗ, "ಸರ್ಕಾರಿ ಕಾಲೇಜಿಗೆ ಯಾವ ಬಸ್ಸು ಅಂತ ನಿನ್ನ ಮಗಳನ್ನ ಕೇಳ್ಬೇಕು" ಅಂದಳು. ನನ್ನ ಮುಖ ಮಾತ್ರ ನೋಡಲಿಲ್ಲ.

ಮೇಷ್ಟ್ರು ಹಿಂದಿನ ಬಾಗಿಲಿನಿಂದ ಇಳಿದುಹೋಗುವುದನ್ನು ಕಣ್ಣಾರೆ ಕಂಡೆ. ಸುಳ್ಳೇಕೆ ಹೇಳಲಿ, ಎದೆ ತಣ್ಣಗಾಯಿತು. ಮೂರು ವರ್ಷದಿಂದ ಕಾದದ್ದು ಆ ಬೆನ್ನನ್ನು ನೋಡುವುದಕ್ಕೇ. ಉಡ ಬಂದು ನನ್ನ ಕೈ ಹಿಡಿದಳು, ಎಷ್ಟೋ ದಿನದ ಮೇಲೆ.

ಹೊರಗೆ ಮೆಟ್ಟಿಲಿನ ಹತ್ತಿರ ಒಬ್ಬ ಹೆಂಗಸು ದಾರಿಗೆ ಅಡ್ಡ ಬಂದಳು. ನನ್ನದೇ ವಯಸ್ಸು. ಆಸ್ಪತ್ರೆ ಆಯಾಗಳು ತೊಡುವ ನೀಲಿ ಕೋಟು, ಕೆಲಸದಿಂದ ನೇರ ಬಂದಿದ್ದಳು.

"ಆ ಎಂಬತ್ತೈದು ಹೇಳಿದ್ದು ಎರಡೂವರೆ ವರ್ಷದ ಹಿಂದೆ ಅಲ್ವಾ?"

"ಹೌದು."

"ನನ್ನ ಮಗ ಎರಡನೇ ವರ್ಷ. ಹೋದ ವರ್ಷದ ಪುಸ್ತಕದಲ್ಲೂ ಇದೇ ನಲವತ್ತೆರಡು ಇತ್ತು. ಅದನ್ನ ನೋಡೇ ಸಹಿ ಹಾಕಿದ್ದು. ಇವತ್ತು ಅವನ ತಂಗೀನ ಸೇರಿಸೋಕೆ ಬಂದಿದ್ದೆ." ಅವಳ ದನಿ ಏರಲಿಲ್ಲ. "ನಿಮ್ಮ ಸೇಡು ತೀರ್ತು. ನಾನು ಯಾರ ಮೇಲೆ ತೀರಿಸಿಕೊಳ್ಳಲಿ?"

ಉಡ ಏನೋ ಹೇಳಲು ಮುಂದೆ ಬಂದಳು. ಬೇಡ ಅಂತ ತಡೆದೆ. ಅವಳ ಕೈಯಿಂದ ಪೆನ್ನು ಇಸಿದುಕೊಂಡು, ಪುಸ್ತಿಕೆಯ ಹಿಂಬದಿಯಲ್ಲಿ ನನ್ನ ಅಂಗಡಿಯ ವಿಳಾಸ ಬರೆದು ಆ ಹೆಂಗಸಿಗೆ ಕೊಟ್ಟೆ.

"ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೀತೀನಿ" ಅಂದೆ.